ಘೊರೊರೊ ಹಕ್ಕಿ

ಇದು ನಡೆದ ಕತೆಯೇ. ನಗು ಬಂದರೆ ಮಾತ್ರ ಅನುಮಾನಪಡಿ. ಜಪಾನಿನ ಎಡೋ ನಗರದಲ್ಲಿ ಸಾವಿರ ವರ್ಷ ಹಳೆಯ ಕವಿತೆಗಳಿಗೆ ಅರ್ಥ ಹೇಳುವ ಕವಿಪಂಡಿತರೊಬ್ಬರಿದ್ದರು. ಶಿಷ್ಯ ಸೆಂಜಿರೋ ಏನು ಬರೆದು ತಂದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. “ಹಳಗವಿತೆಯ ಗಂಧವಿಲ್ಲ, ಬರೀ ಹಳಸಿದ ವಾಸನೆ. ಇನ್ನೊಂದು ಸಲ ಇಂಥದ್ದು ತಂದರೆ ಶಾಲೆ ಬಿಟ್ಟು ನಡಿ!”

ಸೆಂಜಿರೋ ಚಹಾದಲ್ಲಿ ಅದ್ದಿದ ಕಾಗದದ ಮೇಲೆ ಹೊಸ ಪದ್ಯ ಬರೆದು, ತುಂಬಿದ ಶಾಲೆಯಲ್ಲಿ ಮುಂದಿಟ್ಟ. “ಗುಡಿಯ ಅಟ್ಟದಲ್ಲಿ ಸಿಕ್ಕಿತು, ಗುರುಗಳೇ.”

ಪಂಡಿತರು ಓದಿ ಕಣ್ಣೊರೆಸಿಕೊಂಡರು. “ಅಪ್ಪಟ ಸಾವಿರ ವರ್ಷದ್ದು ಕಣ್ರೋ! ‘ಘೊರೊರೊ’ ಹಕ್ಕಿ ಬಂದಿದೆ ನೋಡಿ. ಪೂರ್ವಿಕರನ್ನೂ ನಾನು ಬರೆದ ನಿಘಂಟನ್ನೂ ಬಿಟ್ಟರೆ ಆ ಹೆಸರು ಇನ್ನೆಲ್ಲಿದೆ?”

“ನಿಮ್ಮ ನಿಘಂಟಿನಿಂದಲೇ ಕದ್ದೆ, ಗುರುಗಳೇ. ಪದ್ಯ ಮೊನ್ನೆ ನಾನು ಬರೆದದ್ದು,” ಎಂದ ಸೆಂಜಿರೋ, ಚಾಪೆ ಸುತ್ತಿಕೊಳ್ಳಲು ಸಿದ್ಧನಾಗಿ.

ಶಾಲೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪಂಡಿತರೇ. ಹೊಟ್ಟೆ ಹಿಡಿದುಕೊಂಡೇ ಎದ್ದುಹೋಗಿ, “ಕೂತ್ಕೊಳ್ಳೋ ಕಳ್ಳಾ! ನಾನು ಅದನ್ನು ಎಲ್ಲಿಂದ ಕದ್ದೆ, ಕೇಳು,” ಎಂದು ಒಳಕೋಣೆಯ ಬಾಗಿಲು ಸರಿಸಿದರು.

ಒಳಗೆ ಅವರ ಹೆಂಡತಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು: “ಘೊರೊರೊ... ಘೊರೊರೊ...”