ಬಾಬಿಯ ಮನೆಯ ನೀರು

ನಡೆದು ಬಂದು ಬೆಲ್ಲ ಕಚ್ಚಿ ನೀರು ಕುಡಿಯುವುದು ನನ್ನ ನಿತ್ಯಕ್ರಮ. ಆಗೆಲ್ಲ ನಮ್ಮೂರು ಬೀಜಾಡಿಯ, ಬಾಲ್ಯದ ಒಂದು ಮಧ್ಯಾಹ್ನ ಕನಸಿನಂತೆ ತೇಲಿ ಬರುತ್ತದೆ.

ಸೋದರತ್ತೆ ಪಂಚಾಯಿತಿಗೆ ಪಕ್ಷೇತರಳಾಗಿ ನಿಂತಿದ್ದಳು. ನನ್ನ ಕೈಹಿಡಿದು ನೀರಿನ ತೋಡಿನಾಚೆಯ ಬಾಬಿಯ ಮನೆಗೆ ಓಟು ಕೇಳಲು ಹೋದಳು. ನಮ್ಮ ಜಾತಿಯವರು ಅವರ ಮನೆಯ ನೀರು ಮುಟ್ಟುವುದಿಲ್ಲವೆಂದು ಬಾಬಿ ಎಳನೀರಿನ ಬೊಂಡ ತಂದಿಟ್ಟಳು.

“ಬೊಂಡ ಬ್ಯಾಡ ಬಾಬಿ, ನಿಮ್ಮನಿ ನೀರೇ ಕೊಡು.”

“ಅಯ್ಯೋ ಅಮ್ಮ, ನಿಮ್ಮನಿಯಲ್ ಬೈತ್ರ್!”

“ಓಟ್ ಕೇಂಬುಕಾತ್ತ್, ನೀರ್ ಕೇಂಬುಕಾತ್ತಿಲ್ಯಾ ಮಾರಾಯ್ತಿ?”

ಮಣ್ಣಿನ ಕೊಡದ ನೀರು ತಣ್ಣಗಿತ್ತು. ಬಾಬಿ ಜೊತೆಗಿಟ್ಟ ಬೆಲ್ಲಕ್ಕೆ ಹೊಗೆಯ ವಾಸನೆಯಿತ್ತು. ಅತ್ತೆ ಕುಡಿದು, ಲೋಟವನ್ನು ನನಗೆ ಕೊಟ್ಟಳು.

ನಾವು ಮನೆ ಸೇರುವ ಮೊದಲೇ ಅಜ್ಜಿಗೆ ಸುದ್ದಿ ಮುಟ್ಟಿತ್ತು.

“ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ. ಇನ್ನ್ ಅಡುಗೆಮನಿಗ್ ಬಪ್ಪುಕಿಲ್ಲ.”

ಅತ್ತೆ ಅಂಗಳದಲ್ಲಿ ಒಲೆಗೆ ಕಲ್ಲು ಹೂಡಿ ಗಂಜಿಗಿಟ್ಟಳು. ತಟ್ಟೆ ಹಿಡಿದು ನಾನೂ ಅವಳ ಪಕ್ಕ ಕುಳಿತೆ.