ಕಾರಿಗೆ ಜ್ವರ

ಎಲ್ಲ ಕಾರುಗಳ ಒಳಮೈಯೂ ಜೀವಂತ ಚರ್ಮದ್ದೇ ಆಗಿದ್ದ ಕಾಲ. ಹುಬ್ಬಳ್ಳಿಯ ಗಿರಿಮಲ್ಲನಿಗೆ ಅದೆಂದರೆ ಹುಚ್ಚು. ಹಳೆಯ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡೇ ಚೆಂದ ಎನ್ನುವ ಗೆಳೆಯ ದಸ್ತಗೀರನೊಡನೆ ದಿನವೂ ವಾದ. "ಮುಟ್ಟಿ ನೋಡಲೇ, ಕೂಸಿನ ಗಲ್ಲ ಇದ್ದಂಗೈತಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ದಾರಿಯಲ್ಲಿ ಕಾರಿಗೆ ಜ್ವರ ಬಂತು. ಬೇಸಿಗೆಯಲ್ಲಿ ಬರುವಂಥದ್ದೇ. ಗೆಳೆಯರಿಬ್ಬರೂ ನೀರು ತರಲು ಇಳಿದರು. ಮರಳುವಷ್ಟರಲ್ಲಿ ಚರ್ಮ ಬಾತು ಬಾಗಿಲುಗಳು ಬಿಗಿದುಕೊಂಡಿದ್ದವು. ಗಿರಿಮಲ್ಲನ ಹೆಂಡತಿ ಕಸ್ತೂರಿ ಒಳಗಿದ್ದಳು.

"ರೀ, ಉಸಿರು ಕಟ್ಟಾಕತ್ತೈತ್ರೀ!"

ಗಿರಿಮಲ್ಲ ಕಲ್ಲಿನಿಂದ ಗಾಜು ಒಡೆದ. ಅದರ ಹಿಂದೆಯೂ ಚರ್ಮ ಗೋಡೆಯಂತೆ ಉಬ್ಬಿ ನಿಂತಿತ್ತು. ಕಸ್ತೂರಿಯ ಕೂಗು ನಿಂತಿತು. ದಸ್ತಗೀರ ಪಕ್ಕದ ಕಲ್ಲಂಗಡಿ ಅಂಗಡಿಯಿಂದ ಚಾಕು ಕಸಿದು ತಂದು ಅವನ ಕೈಗಿಟ್ಟ.

"ಕೊಯ್ಯಲೇ, ಏನ್ ನೋಡ್ಕೋಂತ ನಿಂತಿ!"

ಗಿರಿಮಲ್ಲ ಅಳುತ್ತಲೇ ಕೊಯ್ದ. ಕಾರು ಗಡಗಡ ನಡುಗಿತು. ಬೆಚ್ಚನೆಯ ನೀರು ಅವನ ಮೊಣಕೈವರೆಗೂ ಹರಿಯಿತು. ಅವನು ಮತ್ತೆ ಮತ್ತೆ ಕೊಯ್ದ. ಕೊನೆಗೆ ಕಸ್ತೂರಿಯ ಕೈ ಸಿಕ್ಕಿತು. ಇಬ್ಬರೂ ಸೇರಿ ಅವಳನ್ನು ಹೊರಗೆಳೆದರು.

ರಸ್ತೆಯ ಮೇಲೆ ಬಹಳ ಹೊತ್ತು ಕೆಮ್ಮಿದ ಮೇಲೆ ಅವಳು ಕೇಳಿದಳು: "ಅದಕ್ಕ ಭಾಳ ನೋವಾತೇನ್ರೀ?"

ಗಿರಿಮಲ್ಲನಿಗೆ ಕಾರಿನತ್ತ ತಿರುಗುವ ಧೈರ್ಯವಾಗಲಿಲ್ಲ. ದಸ್ತಗೀರನೇ ಹೆಗಲ ಮೇಲಿನ ಟವೆಲ್ಲು ತೆಗೆದು ಆ ಗಾಯದ ಮೇಲೆ ಒತ್ತಿ ಹಿಡಿದ.