ಸಿಮೆಂಟಿನಲ್ಲಿ ಉಳಿದ ಹೆಜ್ಜೆ

ಸಿಮೆಂಟ್ ರಸ್ತೆಯನ್ನು ನೋಡಲೆಂದು ಕಾರಿನಿಂದ ಇಳಿದ ಮುದಿಯಪ್ಪ ನಟ್ಟನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಎದುರಿಗೆ ಬರಿಗಾಲಿನ ಒಂದು ಹೆಜ್ಜೆ ಅಚ್ಚೊತ್ತಿತ್ತು.

"ಈ ಸಲ ಕಾರ ಓಡಸೂ ಶರ್ಯತ್ತು ಇಲ್ಲೇ ಇಡೋಣು," ಅಂದ ಗೆಳೆಯ ಹನಮಪ್ಪ. "ಬಿಸಲಿಗೆ ಸಿಮೆಂಟ್ ಕರಗಂಗಿಲ್ಲ. ರೋಣದ ಡಾಂಬರ ರಸ್ತೆದಾಗ ಹೋದ ವರ್ಷ ಏನಾತಂತ ನಿನಗ ಹೇಳಬೇಕೇನ?"

ಹೇಳಬೇಕಿರಲಿಲ್ಲ. ಕರಗಿದ ಡಾಂಬರಿನಲ್ಲಿ ಜಾರಿ ಮಗುಚಿದ ಕಾರಿನಿಂದ ತನ್ನ ತಮ್ಮ ಹುಚ್ಚಪ್ಪನನ್ನು ಎಳೆದು ತೆಗೆದವನು ಮುದಿಯಪ್ಪನೇ. ಸೀರೆ ಸಾಗಿಸುವ ಅದೇ ಹಳೆಯ ಕಾರನ್ನು ಈ ವರ್ಷ ಅವನು ಓಡಿಸುವವನಿದ್ದ.

ಮುದಿಯಪ್ಪ ಹೆಜ್ಜೆಯೊಳಗಿನ ಧೂಳು ಊದಿದ. ಮಗ್ಗ ತುಳಿದು ತುಳಿದು ಹೊರಳಿದ ಹೆಬ್ಬೆರಳು ಉಳಿದ ಬೆರಳುಗಳಿಗಿಂತ ಆಳವಾಗಿ ಒತ್ತಿತ್ತು. ಸಿಮೆಂಟ್ ಹಸಿಯಿದ್ದಾಗ, ಬೇಡವೆಂದರೂ ಕೇಳದೆ ಕಾಲಿಟ್ಟು ನಕ್ಕಿದ್ದ ಹುಚ್ಚಪ್ಪ. ಮುದಿಯಪ್ಪ ಅದರೊಳಗೆ ಅಂಗೈ ಇಟ್ಟ. ಸಂಜೆ ಬಿಸಿಲಿಗೆ ಕಾದ ಸಿಮೆಂಟ್ ಮನುಷ್ಯರ ಮೈಯಷ್ಟೇ ಬೆಚ್ಚಗಿತ್ತು.

"ಶರ್ಯತ್ತು ಡಾಂಬರದ ಮ್ಯಾಲೇ ಇಡು."

"ತಲಿ ಕೆಟ್ಟೈತೇನ ನಿನಗ? ನಿನ್ನ ತಮ್ಮ ಸತ್ತಿದ್ದು ಅಲ್ಲೇ."

"ಅಲ್ಲಿ ಸತ್ತಾನ, ಖರೇ." ಮುದಿಯಪ್ಪ ಕೈ ತೆಗೆಯಲಿಲ್ಲ. "ಇಲ್ಲಿ ಇನ್ನೂ ನಿಂತಾನ. ಅವನ ಮ್ಯಾಲ ಗಾಡಿ ಹ್ಯಾಂಗ ಹಾಯಿಸಲಿ?"